ಸೊಲೋಪೊ ನೆಲದ ಸಾಕ್ಷಿ

ದ್ವೀಪವೊಂದರ ಅಂಚಿನ ಕೆಲೆವಾ ಊರಿನಲ್ಲಿ ವಂಶದ ಹೆಸರುಗಳನ್ನು ತಡವರಿಸದೆ ಹೇಳಬಲ್ಲವರು ಅಂತ ಉಳಿದಿದ್ದವಳು ಸಾಲೊತೆ ಒಬ್ಬಳೇ. ಅವಳ ಓರಗೆಯವರು ಕೆಲವರು ತೀರಿಕೊಂಡಿದ್ದರು, ಬದುಕಿದ್ದವರಿಗೆ ನೆನಪು ಕೈಕೊಟ್ಟಿತ್ತು. ಸಾಲೊತೆಯನ್ನು ಸಾಕಿದ್ದು ಅಜ್ಜಿ ತಾಮನಾ. ಆ ಅಜ್ಜಿ ತೆಂಗಿನಕಾಯಿ ತುರಿಯುವಾಗ, ಕೆಸರಿನಲ್ಲಿ ಚಿಪ್ಪು ಹೆಕ್ಕುವಾಗ, ದೋಣಿಗೆ ಹುಟ್ಟು ಹಾಕುತ್ತ ತೋಟಕ್ಕೆ ಹೋಗುವಾಗ, ಯಾರ ತಾಯಿ ಯಾರು, ಆ ತಾಯಿಗೆ ತಾಯಿ ಯಾರು, ಯಾವ ಕೊಲ್ಲಿಯಿಂದ ಯಾವ ಗುಡ್ಡದವರೆಗೆ ಯಾರ ಕಾಡು ಅಂತ ಮೊಮ್ಮಗಳ ಕಿವಿಗೆ ಹಾಕುತ್ತಲೇ ಇದ್ದಳು. ಅವರಲ್ಲಿ ನೆಲ ಬರುವುದು ತಾಯಿಯ ಕಡೆಯಿಂದ. ಹೆಂಗಸರ ಹೆಸರು ತಿಳಿಯದವನಿಗೆ ತನ್ನ ನೆಲ ಎಲ್ಲಿದೆ ಅನ್ನುವುದೂ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ಗಟ್ಟಿಯಾಗಿ ಹೇಳಿಕೊಟ್ಟ ಅಜ್ಜಿ ಒಂದು ಸಂಗತಿಯನ್ನು ಮಾತ್ರ ದನಿ ತಗ್ಗಿಸಿ ಹೇಳಿದ್ದಳು. ಸಾಲೊತೆಯ ಗೆಳತಿ ರೂತಾಳ ಮುತ್ತಜ್ಜಿ ಹೋಲಾ ಈ ಊರಿನಲ್ಲಿ ಹುಟ್ಟಿದವಳಲ್ಲ. ಚರ್ಚು ಬರುವುದಕ್ಕೆ ಮುಂಚೆ, ಕೆಲೆವಾದ ಗಂಡಸರು ಯುದ್ಧದ ದೋಣಿಗಳಲ್ಲಿ ಇಸಬೆಲ್ ದ್ವೀಪದ ಮೇಲೆ ಏರಿಹೋಗಿ ಶತ್ರುಗಳ ತಲೆ ತರುತ್ತಿದ್ದ ಕಾಲದಲ್ಲಿ, ಒಂದು ಸಲ ತಲೆಗಳ ಜತೆ ಒಂದು ಹೆಣ್ಣು ಕೂಸನ್ನೂ ಎತ್ತಿ ತಂದರು. ಆ ಕೂಸೇ ಹೋಲಾ. ಹಾಗೆ ಸೆರೆತಂದವರನ್ನು ಪಿನಾವುಸು ಅನ್ನುತ್ತಿದ್ದರು. ತಾಮನಾಳ ತಾಯಿ ಆ ಕೂಸನ್ನು ತನ್ನ ಮಕ್ಕಳ ನಡುವೆಯೇ ಹಾಕಿಕೊಂಡು ಬೆಳೆಸಿದಳು.

"ಆ ಮಾತು ನಿಂಗೆ ಯಾಕೆ ಹೇಳ್ದೆ ಅಂದ್ರೆ, ತಿಳ್ಕೊಂಡಿರೋರು ಒಬ್ರು ಬೇಕು ಅಂತ" ಅಂದಿದ್ದಳು ಅಜ್ಜಿ. "ಬಾಯಲ್ಲಿ ತರೋಕಲ್ಲ. ಆ ಮಕ್ಕಳ ಎದುರಿಗೆ ಯಾರಾದ್ರೂ ಅದನ್ನ ಅಂದ್ರೆ ಅವರನ್ನ ಇನ್ನೊಂದು ಸಲ ಹಿಡಿದು ತಂದ ಹಾಗೆ, ಗೊತ್ತಾಯ್ತಾ?"

ಅಷ್ಟಕ್ಕೇ ಅಜ್ಜಿ ಬಿಡಲಿಲ್ಲ. ಕೈಕಾಲು ಗಟ್ಟಿಯಿದ್ದಾಗಲೇ ಒಂದು ದಿನ ಹೋಲಾಳ ಮಗಳನ್ನು, ಅಂದರೆ ರೂತಾಳ ಅಜ್ಜಿಯನ್ನು, ಸೊಲೋಪೊ ಗುಡ್ಡದ ಬುಡಕ್ಕೆ ಕರೆಸಿದಳು. ಕಾದ ಕಲ್ಲಿನ ಮೇಲೆ ಹಂದಿ ಬೇಯಿಸಿದರು. ಎರಡೂ ಮನೆಯವರೆಲ್ಲ ಸೇರಿದ್ದರು. ಊಟಕ್ಕೆ ಮುಂಚೆ ತಾಮನಾ ತನ್ನ ತಾಯಿಯಿಂದ ಬಂದ ದೊಡ್ಡ ಚಿಪ್ಪಿನ ಬಳೆಯೊಂದನ್ನು ನೆಲ ಕೊಟ್ಟ ಗುರುತಿಗೆ ಅವಳ ಕೈಗಿಟ್ಟು, ಗುಡ್ಡದ ಕೆಳಗಿನ, ಬಾದಾಮಿಯಂಥ ಬೀಜ ಬಿಡುವ ನಾಲಿ ಮರಗಳ ತೋಪು ಮತ್ತು ಅದಕ್ಕೆ ಅಂಟಿದ ಇಳಿಜಾರು, ಗೆಣಸು ಬೆಳೆಯುವ ಜಾಗ, ಇವಿಷ್ಟು ನಿನ್ನ ಮಕ್ಕಳಿಗೆ, ಅವರ ಮಕ್ಕಳಿಗೆ, ಅಂದಳು. "ನೀವು ನಮ್ಮೋರು. ಇನ್ಮೇಲೆ ಈ ವಿಷಯ ಮುಗೀತು." ಸಾಲೊತೆ, ರೂತಾ ಇಬ್ಬರೂ ಆಗ ಪುಟ್ಟ ಹುಡುಗಿಯರು. ದೊಡ್ಡವರ ಮಾತು ಕೇಳುತ್ತ, ಹಂದಿಯ ಗರಿಗರಿ ಚರ್ಮವನ್ನು ಇಬ್ಬರೂ ಒಂದೇ ಎಲೆಯಿಂದ ಕಿತ್ತುಕಿತ್ತು ತಿಂದಿದ್ದರು.

ಅಲ್ಲಿಂದ ಮುಂದೆ ಅವರಿಬ್ಬರೂ ಒಟ್ಟಿಗೇ ಮುದುಕಿಯರಾದರು. ರೂತಾಳ ಮೊದಲ ಹೆರಿಗೆಗೆ ಬೆನ್ನು ಹಿಡಿದು ಕೂತವಳು ಸಾಲೊತೆ. ಸಾಲೊತೆಯ ಗಂಡ ಸಮುದ್ರದಲ್ಲಿ ಮುಳುಗಿ ತೀರಿಕೊಂಡಾಗ ತಿಂಗಳುಗಟ್ಟಲೆ ಅವಳ ಮನೆಯಲ್ಲೇ ಮಲಗಿದವಳು ರೂತಾ. ರೂತಾಳ ತಮ್ಮ ಜೊಸಾಯಾನನ್ನು ಇಬ್ಬರೂ ಸೊಂಟದಿಂದ ಸೊಂಟಕ್ಕೆ ದಾಟಿಸಿ ಬೆಳೆಸಿದ್ದರು.

ಗೋಳು ಶುರುವಾಗಿದ್ದು ಆ ಜೊಸಾಯಾನಿಂದಲೇ. ಅವನು ಬಹಳ ವರ್ಷ ರಾಜಧಾನಿ ಹೊನಿಯಾರಾದ ಬಂದರಿನಲ್ಲಿ ದುಡಿದು ಊರಿಗೆ ಬಂದವನು. ಕೆಟ್ಟವನಲ್ಲ. ದೊಡ್ಡ ಗಂಟಲು, ದೊಡ್ಡ ನಗು, ಕೈಯಲ್ಲಿದ್ದರೆ ಕೊಡುವ ಮನುಷ್ಯ. ಮಕ್ಕಳಿಗೆ ತಗಡಿನ ಮನೆ ಕಟ್ಟಿಸಬೇಕು, ಹೆಂಡತಿಯ ಕಾಯಿಲೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು ಅನ್ನುವ ಆಸೆ ಅವನಿಗೆ. ಮರ ಕಡಿಯುವ ಕಂಪನಿಯವರು ದೋಣಿಯಲ್ಲಿ ಬಂದು ಸೊಲೋಪೊ ಯಾರದು ಅಂತ ಕೇಳಿದಾಗ, "ನಮ್ಮದೇ, ಇಡೀ ಗುಡ್ಡ ನಮ್ಮದೇ" ಅಂತ ಸಹಿ ಹಾಕಿಬಿಟ್ಟ. ಪಕ್ಕದ ಕೊಲ್ಲಿಯಲ್ಲಿ ಇಂಥದೇ ಕಂಪನಿ ಬಂದು ಹೋದಮೇಲೆ ಹೊಳೆ ಕೆಂಪಗೆ ಹರಿಯುತ್ತಿತ್ತು. ಹವಳದ ಮೇಲೆ ಮಣ್ಣು ಕೂತು ಅಲ್ಲಿನ ಹೆಂಗಸರು ಚಿಪ್ಪು ಹೆಕ್ಕಲು ಕೆಲೆವಾದವರೆಗೆ ಬರುತ್ತಿದ್ದರು. ಸೊಲೋಪೊ ಗುಡ್ಡದ ನೀರನ್ನೇ ಕುಡಿಯುವ ಊರು ಕೆಲೆವಾ. ಹಾಗಾಗಿ ಸಾಲೊತೆಯ ತಂಗಿಯ ಮಗ ಗಿಡಿಯನ್ ಎದ್ದು ನಿಂತು, ಆ ಗುಡ್ಡ ತಾಮನಾಳ ವಂಶದ್ದು, ಸಹಿ ಹಾಕಲು ಜೊಸಾಯಾ ಯಾರು, ಅಂದ. ಊರ ಹಿರಿಯರ ಮುಂದೆ ಕೂತರು, ಬಗೆಹರಿಯಲಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಯಿತು.

ಗಿಡಿಯನ್ ಸರ್ಕಾರಿ ಕಚೇರಿಯಲ್ಲಿ ಇದ್ದು ನಿವೃತ್ತನಾದವನು, ಮಾತಿನಲ್ಲಿ ನಿಧಾನಿ. ಆ ಕೋರ್ಟಿನಲ್ಲಿ ವಕೀಲರಿಲ್ಲ, ಎರಡೂ ಕಡೆಯಿಂದ ಒಬ್ಬೊಬ್ಬರು ನಿಂತು ತಾವೇ ವಾದಿಸಬೇಕು. ತಾಮನಾಳ ವಂಶದ ಕಡೆಯಿಂದ ಅವನೇ ನಿಂತ. ಒಂದು ಮಧ್ಯಾಹ್ನ ಸಾಲೊತೆಯ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ಕೂತ.

"ದೊಡ್ಡಮ್ಮ, ಜೊಸಾಯಾ ಏನು ಹೇಳ್ತಿದಾನೆ ಕೇಳಿದ್ಯಾ? ಹೋಲಾ ತಾಮನಾಳ ಒಡಹುಟ್ಟಿದ ಅಕ್ಕ ಅಂತೆ. ಹಾಗಾಗಿ ಅವರದ್ದೇ ಹಿರಿಯ ವಂಶ ಅಂತೆ. ನಾವು ಕಿರಿಯೋರು."

"ಹಾಗಂತಾನಾ?" ಸಾಲೊತೆಗೆ ನಗು ಬಂತು. "ಅವನಿಗೆ ಯಾರೋ ಹಾಗೆ ಹೇಳಿ ಬೆಳೆಸಿರಬೇಕು. ಪಾಪ."

"ಪಾಪ ಅಂತ ಕೂತ್ರೆ ಗುಡ್ಡ ಬೋಳಾಗತ್ತೆ. ನೀನು ಬಂದು ಇದ್ದಿದ್ದು ಇದ್ದ ಹಾಗೆ ಹೇಳ್ಬೇಕು."

ಸಾಲೊತೆ ಒಲೆಯಿಂದ ಕೈ ತೆಗೆದಳು. "ಆ ಪದ ನನ್ ಬಾಯಲ್ಲಿ ಬರಲ್ಲ ಗಿಡಿಯನ್. ಬೇರೆ ಏನಾದ್ರೂ ಕೇಳು."

"ಬೇರೆ ಏನಿದೆ? ಹಿರೀಕರ ಬುರುಡೆ ಇಟ್ಟಿರೋ ಕಲ್ಲು ತೋರ್ಸಿದ್ರೆ ಅವರೂ ಅದೇ ಕಲ್ಲು ತೋರ್ಸ್ತಾರೆ. ಅಮ್ಮ ಏನೋ ಒಂದಿಷ್ಟು ಅಂದಿದ್ಲು ನಂಗೆ, ಪೂರ್ತಿ ಗೊತ್ತಿರೋಳು ನೀನೊಬ್ಳೇ."

"ಸರಿ, ಹಾಗಾದ್ರೆ ತೋಪು ಕೊಟ್ಟಿದ್ದೂ ಹೇಳ್ತೀನಿ. ಎಲ್ಲಾ ಹೇಳ್ತೀನಿ. ಅಜ್ಜಿ ಚಿಪ್ಪಿನ ಬಳೆ ಕೊಟ್ಟು..."

"ಅದು ಬೇಡ" ಅಂದ ಗಿಡಿಯನ್. "ಕೇಳು ದೊಡ್ಡಮ್ಮ. ತೋಪು ಅವರದ್ದು ಅಂತ ಕೋರ್ಟಲ್ಲಿ ಬಂದ್ರೆ, ಅದರ ಮುಂದಿನ ದಡ, ದೋಣಿ ಕಟ್ಟೋ ಜಾಗ, ಅದೂ ಅವರದ್ದಾಗತ್ತೆ. ಕಂಪನಿಯ ಯಂತ್ರ ಇಳಿಯೋಕೆ ಅಷ್ಟು ಸಾಕು. ನಾಳೆ ಮೇಲಿನ ಕಾಡಿಗೂ ದಾರಿ ಆಯ್ತು ಅಂತ ಲೆಕ್ಕ. ಕೇಸು ಮುಗೀಲಿ. ಆಮೇಲೆ ನಾವೇ ಕೂತು, ನಮ್ಮನಮ್ಮಲ್ಲಿ, ತೋಪು ನಿಮ್ಮದೇ ಇಟ್ಕೊಳ್ಳಿ ಅಂದ್ರಾಯ್ತು. ಯಾರು ಬೇಡ ಅಂತಾರೆ?"

"ನಾನು ರೂತಾನ ಹತ್ರ ಒಂದ್ ಮಾತು ಆಡ್ಲಾ?"

"ಕೇಸು ನಡೀವಾಗ ಆ ಕಡೆಯೋರ ಹತ್ರ ಮಾತಾಡ್ಬಾರ್ದು. ಸಾಕ್ಷೀನ ತಿರುಗಿಸ್ತಿದಾರೆ ಅಂತಾರೆ. ಸ್ವಲ್ಪ ದಿನ ತಾನೇ? ತಡ್ಕೋ."

ಸಾಲೊತೆ ತಡೆದುಕೊಂಡಳು. ಬಾವಿಯ ಹತ್ತಿರ ರೂತಾ ಕಂಡರೆ ಕೊಡ ತುಂಬದೆ ವಾಪಸು ಬಂದಳು. ಚರ್ಚಿನಲ್ಲಿ ಬೇರೆ ಬೆಂಚಿಗೆ ಹೋಗಿ ಕೂತಳು. ಒಂದು ಸಲ ರೂತಾ ದಾರಿಗೆ ಅಡ್ಡವಾಗಿ ನಿಂತು, "ಏನಕ್ಕಾ, ನನ್ ಮೈಗೆ ಏನಾದ್ರೂ ಅಂಟಿದ್ಯಾ?" ಅಂತ ನಗುತ್ತಲೇ ಕೇಳಿದ್ದಳು. ಸಾಲೊತೆ ಬೆಂಕಿಯ ಮೇಲೆ ಪಾತ್ರೆ ಇಟ್ಟು ಬಂದಿದ್ದೀನಿ ಅಂತ ಹೇಳಿ ದಾಟಿಕೊಂಡು ಹೋಗಿದ್ದಳು.

ಕೋರ್ಟು ಕೂತಿದ್ದು ಚರ್ಚಿನ ಪಕ್ಕದ ಸಭಾಮನೆಯಲ್ಲಿ. ಬೇರೆ ದ್ವೀಪಗಳಿಂದ ಬಂದ ಮೂವರು ಹಿರಿಯರು ಮೇಜಿನ ಹಿಂದೆ, ಅವರಲ್ಲಿ ನಡುವಿನವರು ಅಧ್ಯಕ್ಷರು. ಮೂಲೆಯಲ್ಲಿ ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುವ ಗುಮಾಸ್ತ. ಹಿಂದಿನ ದಿನವೇ ಎಲ್ಲರೂ ಸೊಲೋಪೊ ಹತ್ತಿ ಬಂದಿದ್ದರು. ತೀರಿಹೋದ ಪೂರ್ವಿಕರ ಬುರುಡೆಗಳನ್ನಿಟ್ಟ ಕಲ್ಲುಗುಡ್ಡೆಯ ಮುಂದೆ ಜೊಸಾಯಾ ನಿಂತು "ಇವರು ನಮ್ಮವರು" ಅಂದಿದ್ದ. ಗಿಡಿಯನ್ನೂ ಅದೇ ಕಲ್ಲಿನ ಮುಂದೆ ನಿಂತು ಅದೇ ಮಾತು ಅಂದಿದ್ದ. ಅಧ್ಯಕ್ಷರು ಬೆವರು ಒರೆಸಿಕೊಂಡು ಕೆಳಗಿಳಿದಿದ್ದರು.

ಸಾಲೊತೆ ಬೈಬಲ್ ಮುಟ್ಟಿ ನಿಂತಳು. ಸಭಾಮನೆ ತುಂಬಿ, ಕಿಟಕಿಗಳಲ್ಲೂ ಜನ. ಗಿಡಿಯನ್ ಕೇಳುತ್ತ ಹೋದ, ಇವಳು ಹೇಳುತ್ತ ಹೋದಳು. ಹೆಸರುಗಳು ತಾವಾಗಿ ಬಂದವು, ಅಜ್ಜಿಯ ರಾಗದಲ್ಲೇ ಬಂದವು. ಮೇಜಿನ ಹಿಂದಿನ ಹಿರಿಯರೂ ತಲೆದೂಗತೊಡಗಿದರು. ಎಷ್ಟೋ ವರ್ಷದಿಂದ ಯಾರೂ ಕೇಳದ ಹೆಸರುಗಳನ್ನು ಇಷ್ಟೊಂದು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದಾರಲ್ಲ ಅಂತ ಅವಳಿಗೆ ಒಂದು ಬಗೆಯ ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ನೆನೆದರೆ ಆಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

"ಇಷ್ಟರಲ್ಲಿ ಹೋಲಾ ಅನ್ನೋ ಹೆಸರು ಬರಲಿಲ್ಲ" ಅಂದ ಗಿಡಿಯನ್. "ಹೋಲಾ ಯಾರು?"

"ಅವಳು ನಮ್ಮ ಮುತ್ತಜ್ಜಿಯ ಹೊಟ್ಟೇಲಿ ಹುಟ್ಟಿದೋಳಲ್ಲ."

"ಮತ್ತೆ?"

"ಇಸಬೆಲ್‌ನಿಂದ ತಂದಿದ್ದು. ದೋಣೀಲಿ."

"ಅಂಥೋರಿಗೆ ಏನಂತಾರೆ?"

ಸಾಲೊತೆ ಅವನ ಮುಖ ನೋಡಿದಳು. ಅವನು ಬಿಡುವಂತೆ ಕಾಣಲಿಲ್ಲ. "ಪಿನಾವುಸು" ಅಂದಳು.

"ಸ್ವಲ್ಪ ನಿಧಾನ ಅಮ್ಮ" ಅಂದ ಗುಮಾಸ್ತ. ಅವನು ದೂರದ ದ್ವೀಪದ ಹುಡುಗ, ಆ ಪದ ಗೊತ್ತಿರಲಿಲ್ಲ. "ಇನ್ನೊಂದ್ ಸಲ ಹೇಳ್ತೀರಾ? ಬಿಡಿಸಿ ಹೇಳಿ."

ಇಡೀ ಸಭೆಯ ಮುಂದೆ ಅವಳು ಆ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು. ಅವನು ಬರೆದುಕೊಂಡ.

ಎದುರು ಕಡೆಯವರು ಪ್ರಶ್ನೆ ಕೇಳುವ ಸರದಿ ಬಂತು. ಜೊಸಾಯಾ ಎದ್ದ. ಅವನ ದೊಡ್ಡ ಗಂಟಲು ಆಗಲೇ ಒಡೆದಿತ್ತು.

"ಸಾಲೊತಕ್ಕಾ, ನನ್ನನ್ನ ಎತ್ತಿ ಆಡ್ಸಿದೋಳು ತಾನೇ ನೀನು?"

"ಹೌದಪ್ಪ."

"ಎತ್ಕೊಳ್ಳೋವಾಗ ಇದು ಪಿನಾವುಸು ಕೂಸು ಅಂತಾನೇ ಎತ್ಕೊಂಡಿದ್ಯಾ?"

"ಇಲ್ಲ ಕಣೋ... ಹಾಗೆ ಯಾವತ್ತೂ..."

"ಮತ್ತೆ ಇವತ್ತು ಹೆಂಗೆ ಗೊತ್ತಾಯ್ತು ನಿಂಗೆ?"

ಅಧ್ಯಕ್ಷರು ಮೇಜು ತಟ್ಟಿ, ನೆಲದ ಬಗ್ಗೆ ಕೇಳಿ, ಅಂದರು.  ತೋಪು ಕೊಟ್ಟ ಸಂಗತಿ ಜೊಸಾಯಾನಿಗೂ ಒಂದಿಷ್ಟು ಗೊತ್ತಿದ್ದಿರಬಹುದು. ಆದರೆ ಅದನ್ನು ಕೇಳಿದರೆ ಹೋಲಾ ಹೊರಗಿನವಳು ಅಂತ ತಾನೇ ಒಪ್ಪಿಕೊಂಡ ಹಾಗೆ. "ಅಲ್ಲಿ ಹೊಸ ನಾಲಿ ಸಸಿ ನೆಟ್ಟಿದ್ದು ನಮ್ಮಜ್ಜಿ ಅನ್ನೋದಾದ್ರೂ ನಿಜವೋ ಸುಳ್ಳೋ?" ಅಂದ. ನಿಜ, ಅಂದಳು ಸಾಲೊತೆ. ಅವನು ಕೂತುಬಿಟ್ಟ.

ಆಗ ಅಧ್ಯಕ್ಷರೇ ಮುಂದಕ್ಕೆ ಬಾಗಿದರು. ಬಿಳಿ ಕೂದಲಿನ, ಸಮಾಧಾನದ ಮನುಷ್ಯ. "ಅಮ್ಮ, ನಮಗೊಂದು ತಿಳೀಬೇಕು. ಇವರು ಅಲ್ಲಿ ಇಷ್ಟು ಕಾಲದಿಂದ ತೋಟ ಮಾಡ್ತಿದಾರೆ, ಮರ ನೆಟ್ಟಿದಾರೆ. ಅದು ಹೆಂಗೆ ಬಂತು? ಯಾರಾದ್ರೂ ಕೊಟ್ಟಿದ್ದಾ? ಇದರ ಬಗ್ಗೆ ನಿಮಗೆ ಗೊತ್ತಿರೋದು ಏನಾದ್ರೂ ಇದ್ರೆ ಈಗ ಹೇಳಿ."

 ಗಿಡಿಯನ್ ತನ್ನ ಕಾಗದಗಳನ್ನು ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಹೆಂಗಸರ ನಡುವೆ ಕೂತಿದ್ದ ರೂತಾ ಮುಂದಕ್ಕೆ ಸರಿದು, ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಸಾಲೊತೆ ಅವಳನ್ನು ಕಂಡಳು. ಕಂಡೂ ಕೆಂಪು ಹೊಳೆಯನ್ನು ನೆನೆಸಿಕೊಂಡಳು, ಯಂತ್ರ ಇಳಿಯುವ ದಡವನ್ನು ನೆನೆಸಿಕೊಂಡಳು, ಕೇಸು ಮುಗಿದ ಮೇಲೆ ಕೂತು ಸರಿಮಾಡಿಕೊಳ್ಳಬಹುದು ಅನ್ನುವ ಮಾತನ್ನು ನೆನೆಸಿಕೊಂಡಳು.

"ಪ್ರೀತಿಗೆ ಬಿಟ್ಟಿದ್ವಿ ಸ್ವಾಮಿ" ಅಂದಳು. "ಮತ್ತೇನಿಲ್ಲ."

ತೀರ್ಪು ಬರಲು ಬಹಳ ದಿನ ಹಿಡಿಯಲಿಲ್ಲ. ಸೊಲೋಪೊ, ಗುಡ್ಡ, ತೋಪು, ದಡ ಎಲ್ಲ ಸೇರಿ ತಾಮನಾಳ ವಂಶದ್ದು. ಜೊಸಾಯಾ ಮತ್ತು ಅವನ ಕಡೆಯವರು ಅಲ್ಲಿ ಇದ್ದದ್ದು ಒಡೆಯರ ಒಪ್ಪಿಗೆಯಿಂದ ಮಾತ್ರ, ಅವರಿಗೆ ಬೇರೆ ಹಕ್ಕಿಲ್ಲ. ಜೊಸಾಯಾ ಗೀಜೊ ಪಟ್ಟಣಕ್ಕೆ ಹೋಗಿ ಮೇಲಿನ ಕೋರ್ಟಿನಲ್ಲಿ ಅಪೀಲು ಹಾಕಿದ. ಅಲ್ಲಿ ಹೊಸ ಸಾಕ್ಷಿ ಕೇಳುವ ಹಾಗಿಲ್ಲ ಅಂದರು, ತೀರ್ಪು ಹಾಗೇ ನಿಂತಿತು. ಅವನು ಹಾಕಿದ ಸಹಿಗೆ ಬೆಲೆ ಇಲ್ಲವಾಯಿತು. ಕಂಪನಿಯ ದೋಣಿ ಮತ್ತೆ ಬರಲಿಲ್ಲ. ಸೊಲೋಪೊ ಕಾಡು ಉಳಿಯಿತು. ಇವತ್ತಿಗೂ ಇದೆ. ಗಿಡಿಯನ್ ಹೇಳಿದ್ದರಲ್ಲಿ ಅಷ್ಟು ನಿಜವಾಯಿತು.

ಉಳಿದದ್ದು ಆಗಲಿಲ್ಲ. ಕೂತು ಸರಿಮಾಡಿಕೊಳ್ಳಲು ಎದುರಿಗೆ ಜನ ಬೇಕಲ್ಲ. ಸಭಾಮನೆಯಲ್ಲಿ ಬಿಡಿಸಿ ಹೇಳಿದ ಪದ ಅಲ್ಲೇ ಉಳಿಯದೆ ಊರ ತುಂಬ ಓಡಾಡತೊಡಗಿತು. ಮೊದಲು ಫುಟ್‌ಬಾಲ್ ಮೈದಾನದಲ್ಲಿ, ಸೋತ ಸಿಟ್ಟಿಗೆ ಯಾರೋ ಅಂದರು. ರೂತಾಳ ಮೊಮ್ಮಗನ ಹಲ್ಲು ಮುರಿಯಿತು. ಅವಳ ಮೊಮ್ಮಗಳಿಗೆ ಗೊತ್ತಾಗಿದ್ದ ಸಂಬಂಧವನ್ನು ಗಂಡಿನವರು, ಈಗಲೇ ಅವಸರ ಏನು, ಅಂತ ತೇಲಿಸಿದರು. ಒಂದು ದಿನ ಸಾಲೊತೆಯ ಸ್ವಂತ ಮೊಮ್ಮಗಳೇ ಶಾಲೆಯಿಂದ ಬಂದು ಕೇಳಿದಳು.

"ಅಜ್ಜಿ, ಪಿನಾವುಸು ಅಂದ್ರೆ ಹೊರಗಿಂದ ತಂದು ಸಾಕ್ತಾರಲ್ಲ, ಹಂದೀನಾ?"

ಸಾಲೊತೆ ಆ ಮಗುವಿಗೆ ಎಂದೂ ಕೈ ಎತ್ತಿದವಳಲ್ಲ. ಅವತ್ತು ಬಾಯಿಯ ಮೇಲೆ ಹೊಡೆದಳು. ಹೊಡೆದಾದ ಮೇಲೆ ತಾನೇ ಅತ್ತಳು. ಮಗು ಹೆದರಿ ತಾಯಿಯ ಹತ್ತಿರ ಓಡಿತು.

ಆ ಮಳೆಗಾಲ ಮುಗಿಯುವುದರೊಳಗೆ ಜೊಸಾಯಾನ ಮನೆಯವರು, ರೂತಾಳ ಮಗ ಸೊಸೆ ಮಕ್ಕಳು, ಎಲ್ಲ ಚಾಪೆ ಪಾತ್ರೆ ಕಟ್ಟಿಕೊಂಡು ನೊರೊ ಪಟ್ಟಣಕ್ಕೆ ಹೋದರು. ಮೀನಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದಂತೆ ಅಂದರು. ರೂತಾ ದೋಣಿಗೆ ಹತ್ತುವಾಗ ಸಾಲೊತೆ ತೆಂಗಿನ ಮರಗಳ ಹಿಂದೆ ನಿಂತಿದ್ದಳು. ಹೋಗಿ ಕೈ ಹಿಡಿಯಬೇಕು ಅಂತ ಕಾಲು ಎತ್ತಿದಳು. ಏನಂತ ಹಿಡಿಯಲಿ ಅನ್ನಿಸಿ ಅಲ್ಲೇ ನಿಂತಳು. ರೂತಾ ದಡದ ಕಡೆ ಬೆನ್ನು ಹಾಕಿ ಕೂತಿದ್ದಳು.

ಅವರು ಹೋದಮೇಲೆ ಸಾಲೊತೆ ಗಿಡಿಯನ್‌ನನ್ನು ಹಿಡಿದಳು. "ತೋಪು ಅವರದ್ದು ಅಂತ ಈಗ ಹೇಳೋಣ. ನೀನೇ ಹೇಳಿದ್ಯಲ್ಲ?"

"ಈಗ ಹೇಳಿದ್ರೆ ನೀನು ಕೋರ್ಟಲ್ಲಿ ಬೈಬಲ್ ಮುಟ್ಟಿ ಸುಳ್ಳು ಹೇಳ್ದೆ ಅಂತಾಗತ್ತೆ ದೊಡ್ಡಮ್ಮ. ಕೇಸು ಮತ್ತೆ ಏಳತ್ತೆ. ಮುಗಿದಿದ್ದು ಮುಗೀಲಿ ಬಿಡು."

"ಸುಳ್ಳು ಹೇಳಿದೀನಲ್ಲ."

"ಸುಳ್ಳಲ್ಲ ಅದು. ಸುಮ್ನಿದ್ದಿದ್ದು." ಅವನೂ ಅದನ್ನು ಸಂತೋಷದಿಂದ ಹೇಳಲಿಲ್ಲ. ತಲೆ ಕೆರೆದುಕೊಂಡು ಎದ್ದು ಹೋದ.

ಒಂದು ವರ್ಷದ ಮೇಲೆ ಸಾಲೊತೆ ಮರಗೆಣಸನ್ನು ತುರಿದು, ತೆಂಗಿನ ಹಾಲು ಕಲಸಿ, ಎಲೆಯಲ್ಲಿ ಸುತ್ತಿ ಸುಟ್ಟ ದೊಡ್ಡ ಕಡುಬೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಮೋಟಾರು ದೋಣಿ ಹತ್ತಿ ನೊರೊಗೆ ಹೋದಳು. ಯಾರಿಗೂ ಹೇಳಲಿಲ್ಲ. ರೂತಾ ಸಿಕ್ಕಿದ್ದು ಸಂತೆಕಟ್ಟೆಯಲ್ಲಿ. ಹುರಿದ ಮೀನು, ಬೇಯಿಸಿದ ಗೆಣಸು ಮುಂದಿಟ್ಟುಕೊಂಡು, ರಟ್ಟಿನ ಚೂರಿನಿಂದ ನೊಣ ಓಡಿಸುತ್ತಿದ್ದಳು. ತೆಳ್ಳಗಾಗಿದ್ದಳು. ಸಾಲೊತೆಯನ್ನು ಕಂಡು ಮುಖ ಗಂಟಿಕ್ಕಲಿಲ್ಲ, ಅರಳಿಸಲೂ ಇಲ್ಲ. ಸ್ವಲ್ಪ ಸರಿದು ಕೂರಲು ಜಾಗ ಬಿಟ್ಟಳು.

"ದೋಣೀಲಿ ನೀರು ಹೊಡೀತಾ?" ಅಂತ ಕೇಳಿದಳು.

"ಸ್ವಲ್ಪ." ಸಾಲೊತೆ ಬುಟ್ಟಿ ಇಳಿಸಿದಳು. "ಜೊಸಾಯಾ ಹೇಗಿದಾನೆ?"

"ಕಾರ್ಖಾನೆ ಗೇಟ್ ಕಾಯ್ತಾನೆ. ಅವನ ಹೆಂಡ್ತಿ ತೀರ್ಕೊಂಡ್ಲು, ಗೊತ್ತಾಯ್ತೇನೋ."

"ಗೊತ್ತಾಗ್ಲಿಲ್ಲ ಕಣೇ."  ಮನೆಯಿಂದ ಹೊರಟಾಗಿನಿಂದ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. "ರೂತಾ, ನಾನು ಆ ಪದ ಹೇಳ್ಬಾರ್ದಿತ್ತು. ತಪ್ಪಾಯ್ತು. ಕಾಡು ಹೋಗತ್ತೆ ಅನ್ನೋ ಹೆದರಿಕೇಲಿ..."

ರೂತಾ ಒಬ್ಬ ಹುಡುಗಿಗೆ ಮೀನು ಕಟ್ಟಿಕೊಟ್ಟಳು. ಚಿಲ್ಲರೆ ಎಣಿಸಿ ಇಟ್ಟಳು.

"ಆ ಪದಕ್ಕೆ ನಂಗೆ ಅಷ್ಟು ನೋವಾಗ್ಲಿಲ್ಲ ಅಕ್ಕಾ" ಅಂದಳು ಆಮೇಲೆ. "ನಮ್ಮಜ್ಜಿ ನಂಗೂ ಹೇಳಿದ್ಲು. ನಿನಗೆ ಹೇಳಿಕೊಟ್ಟೋರಿದ್ರೆ ನಮಗೆ ಹೇಳೋರು ಇರಲ್ವಾ? ಜೊಸಾಯಾಗೆ ಗಂಡು ಹುಡುಗ ಅಂತ ಬೇರೆ ಥರ ಹೇಳಿದ್ರು, ಅವನು ಅದನ್ನೇ ನಂಬ್ಕೊಂಡ. ನಾನು ಎಷ್ಟು ಹೇಳ್ದೆ ಅವನಿಗೆ, ಬೇಡ ಕಣೋ, ಇಡೀ ಗುಡ್ಡ ನಮ್ಮದು ಅನ್ಬೇಡ, ತೋಪು ಒಂದು ಕೇಳು ಅಂತ. ಕೇಳ್ಲಿಲ್ಲ."

"ಹಾಗಾದ್ರೆ..."

"ನೀನು ನಿಂತಿದ್ಯಲ್ಲ ಅಲ್ಲಿ. ಆ ಬಿಳಿ ಕೂದಲಿನ ಯಜಮಾನ ಕೇಳ್ದ ನೋಡು, ಯಾರಾದ್ರೂ ಕೊಟ್ಟಿದ್ದಾ ಅಂತ. ಆಗ ನಂಗೆ ಜೀವ ಬಂತು. ಈಗ ಅಕ್ಕ ಹೇಳ್ತಾಳೆ ಅಂದ್ಕೊಂಡೆ. ಹಂದಿ ಬೇಯಿಸಿದ್ದು, ಬಳೆ ಕೊಟ್ಟಿದ್ದು, ಎಲ್ಲಾ ಹೇಳ್ತಾಳೆ. ನಾವು ಪಿನಾವುಸು ಹೌದು, ಆದ್ರೆ ಇವರ ಮನೆ ಮಕ್ಕಳಾದ್ವಿ ಅಂತ ಎಲ್ಲರ ಮುಂದೆ ಒಂದ್ಸಲ ಬರತ್ತೆ, ಬರೀ ಬಾಯಲ್ಲಿ ಇದ್ದಿದ್ದು ಕೋರ್ಟಲ್ಲಿ ಗಟ್ಟಿಯಾಗತ್ತೆ. ಹಾಗಂತ ಕಾಯ್ತಾ ಕೂತಿದ್ದೆ." ರಟ್ಟಿನ ಚೂರು ನಿಂತಿತು. "ನೀನು ನನ್ನೇ ನೋಡ್ತಾ 'ಮತ್ತೇನಿಲ್ಲ' ಅಂದೆ."

ಸಾಲೊತೆ ಅವಳ ಮೊಣಕಾಲು ಹಿಡಿದುಕೊಂಡಳು. "ನೀನಾದ್ರೂ ಎದ್ದು ಹೇಳ್ಬಹುದಿತ್ತಲ್ಲೇ!"

"ಹೇಳಿದ್ರೆ ತಮ್ಮನ್ನ ಎಲ್ಲರೆದುರು ಸುಳ್ಳುಗಾರ ಅಂದ ಹಾಗೆ. ಅವನನ್ನ ನೀನು ಮುಗಿಸಿದ್ಯಲ್ಲ, ನಾನೂ ಒಂದ್ ಏಟು ಹಾಕ್ಲಾ?" ಆಮೇಲೆ ಸ್ವಲ್ಪ ಮೆತ್ತಗೆ, "ನಾನೂ ಹೇಳ್ಬೇಕಿತ್ತು ಅಂತ ಒಂದೊಂದ್ ದಿನ ಅನ್ಸತ್ತೆ. ಈಗ ಅನ್ಸಿ ಏನು."

"ನಾನು ಏನ್ ಮಾಡ್ಲಿ ಹೇಳು. ನೀನು ಹೇಳಿದ್ದು ಮಾಡ್ತೀನಿ."

"ನನ್ ಹತ್ರ ಬಂದು ಹೇಳಿದ್ರೆ ಏನಾಯ್ತು? ನಂಗೆ ಗೊತ್ತಿರೋದೇ ಅಲ್ವಾ? ಗೊತ್ತಿಲ್ಲದೋರಿಗೆ ಹೇಳು ಹೋಗು."

ಆ ಹೊತ್ತಿಗೆ ಊರು ಬಿಟ್ಟಾಗ ಇನ್ನೂ ಸೊಂಟದ ಮೇಲಿದ್ದ ಪುಟ್ಟ ಮೊಮ್ಮಗಳು ಓಡಿಬಂದು ರೂತಾಳ ಬೆನ್ನಿಗೆ ಜೋತುಬಿದ್ದಳು. ಕಡುಬಿನ ಬುಟ್ಟಿಯನ್ನೂ ಸಾಲೊತೆಯನ್ನೂ ನೋಡಿ, "ಯಾರಜ್ಜಿ ಇವರು?" ಅಂದಳು.

"ಕೆಲೆವಾದೋರು" ಅಂದಳು ರೂತಾ.

ಅಷ್ಟೇ. ಮೊದಲಾಗಿದ್ದರೆ ದೊಡ್ಡಜ್ಜಿ ಬಂದಿದ್ದಾಳೆ, ಹೋಗಿ ತೊಡೆ ಮೇಲೆ ಕೂತ್ಕೋ ಅನ್ನುತ್ತಿದ್ದಳು. ಸಾಲೊತೆ ಕಡುಬು ಮುರಿದು ಮಗುವಿಗೆ ಕೊಟ್ಟಳು. ಮಗು ತಿಂದಿತು. ರೂತಾ ತಿನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ದೋಣಿ ಹೊರಡುವ ಹೊತ್ತಾಯಿತು ಅಂತ ಅವಳೇ ನೆನಪಿಸಿದಳು.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದು ಜನ ಏಳುವ ಮೊದಲು ಸಾಲೊತೆ ಎದ್ದು ನಿಂತಳು. ಪಾದ್ರಿಯನ್ನು ಕೇಳಲೂ ಇಲ್ಲ. ಸೊಲೋಪೊ ತೋಪನ್ನೂ ಇಳಿಜಾರನ್ನೂ ತಾಮನಾ ಹೋಲಾಳ ಮಗಳಿಗೆ ಕೊಟ್ಟಿದ್ದು, ಹಂದಿ ಬೇಯಿಸಿದ್ದು, ಬಳೆ ಕೈಗಿಟ್ಟಿದ್ದು, ಯಾರು ಯಾರು ಅಲ್ಲಿದ್ದರು ಅನ್ನುವುದು, ಒಂದೂ ಬಿಡದೆ ಹೇಳಿದಳು. "ಕೋರ್ಟಲ್ಲಿ ಕೇಳಿದ್ರು. ನಾನು ಹೇಳ್ಲಿಲ್ಲ. ಅವರು ಬೇರೆಯೋರಲ್ಲ, ನಮ್ಮನೇ ಮಕ್ಕಳು. ನಿಮ್ಮ ಮಕ್ಕಳಿಗೆ ಇದನ್ನೂ ಹೇಳಿ. ಬರೀ ಅದೊಂದು ಪದ ಹೇಳ್ಬೇಡಿ."

 ಗಿಡಿಯನ್ ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದವನು ಎದ್ದು ಹೊರಗೆ ಹೋದ. ಆಮೇಲೆ ಬಹಳ ದಿನ ಅವನು ದೊಡ್ಡಮ್ಮನ ಹೊಸ್ತಿಲು ತುಳಿಯಲಿಲ್ಲ. ಕೆಲವು ಹೆಂಗಸರು ಬಂದು ಅವಳ ಕೈ ಹಿಡಿದರು. ಕೆಲವರು, ಈಗ ಹೇಳಿ ಯಾರಿಗೆ ಏನು ಬಂತು, ಅಂತ ಬಾವಿಯ ಹತ್ತಿರ ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಮಕ್ಕಳ ಬಾಯಲ್ಲಿ ಆ ಪದ ಕಡಿಮೆಯಾಯಿತು ಅನ್ನುವುದು ನಿಜ. ಆದರೆ ಅನ್ನಿಸಿಕೊಳ್ಳಬೇಕಾದ ಮಕ್ಕಳೇ ಊರಲ್ಲಿ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ರೂತಾಳ ಹಿರಿಯ ಮಗ ತಿಮೊತಿ ದೋಣಿ ತಂದ. ಅವರೆಲ್ಲ ವಾಪಸು ಬಂದರು ಅಂದುಕೊಂಡಳು ಸಾಲೊತೆ. ಅವನು ತಾಯಿಯ ಮನೆಯ ಕಂಬಗಳನ್ನು ಬಿಚ್ಚಿಕೊಂಡು ಹೋಗಲು ಬಂದಿದ್ದ. ಗಟ್ಟಿ ಮರದ ಕಂಬಗಳು, ಪಟ್ಟಣದಲ್ಲಿ ಅಂಥವು ಸಿಗುವುದಿಲ್ಲ. ಸಾಲೊತೆ ಚಹಾ ಕಾಸಿ, ಬೆಂದ ಗೆಣಸಿನ ಜತೆ ತೆಗೆದುಕೊಂಡು ಹೋದಳು. ಅವನು ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ಮರ್ಯಾದೆಯಿಂದಲೇ ತೆಗೆದುಕೊಂಡ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ದೊಡ್ಡಮ್ಮ ಅಂತಲೇ ಕರೆದ.

"ತೋಪು ನಿಮ್ದೇ ಕಣೋ" ಅಂದಳು ಸಾಲೊತೆ. "ಎಲ್ಲರೆದುರು ಹೇಳಿದೀನಿ. ಬಂದು ಇರಿ. ಯಾರು ಏನಂತಾರೋ ನೋಡ್ತೀನಿ."

"ಮಕ್ಕಳಿಗೆ ಅಲ್ಲೇ ಶಾಲೆ ಹಿಡ್ಕೊಂಡಿದೆ ದೊಡ್ಡಮ್ಮ. ಕೆಲ್ಸಾನೂ ಆಗಿದೆ."

"ಅಮ್ಮ ಏನಂದ್ಲು? ನಾನು ಚರ್ಚಲ್ಲಿ ಹೇಳಿದ್ದು ಗೊತ್ತಾಯ್ತಾ?"

"ಹ್ಞೂಂ. ಇಲ್ಲಿಂದ ಬಂದೋರು ಯಾರೋ ಹೇಳಿದ್ರು."

"ಏನಂದ್ಲು?"

ತಿಮೊತಿ ಲೋಟದ ತಳದಲ್ಲಿದ್ದ ಚಹಾ ನೋಡಿದ. ಸುಳ್ಳು ಹೇಳಿ ಸಮಾಧಾನ ಮಾಡುವ ಜಾಯಮಾನ ಅವನದಲ್ಲ. "ಹೇಳಿದ್ಲಾ, ಸರಿ, ಅಂದ್ರು."

"ಅಷ್ಟೇನಾ?"

"ಅಷ್ಟೇ ದೊಡ್ಡಮ್ಮ."

ಅವನು ಮತ್ತೆ ಕೆಲಸಕ್ಕೆ ಇಳಿದ. ಸಾಲೊತೆ ಅಲ್ಲೇ ನಿಂತು, ಬಿಚ್ಚಿದ ಹಗ್ಗಗಳನ್ನು ಸುತ್ತಿ ಸುತ್ತಿ ಒಂದು ಕಡೆ ಇಟ್ಟಳು. ಕೊನೆಯ ಕಂಬವನ್ನು ನೀರಿನವರೆಗೆ ಸಾಗಿಸುವಾಗ ಅವಳೂ ಒಂದು ತುದಿಗೆ ಕೈ ಕೊಟ್ಟಳು. ಬೇಡ ದೊಡ್ಡಮ್ಮ, ನಿನಗಾಗಲ್ಲ, ಅಂದ ಅವನು. ಆಗತ್ತೆ, ನಡಿ, ಅಂದಳು. ದೋಣಿ ತುಂಬಿ, ಮೋಟಾರು ಹಚ್ಚಿ, ಅವನು ಕೈ ಬೀಸಿ ಹೊರಟ. ಹವಳದ ಸಾಲು ದಾಟುವವರೆಗೆ ಅವಳು ಮೊಣಕಾಲು ನೀರಿನಲ್ಲೇ ನಿಂತಿದ್ದಳು. ಆಮೇಲೆ ಖಾಲಿ ಲೋಟ ತೊಳೆದುಕೊಂಡು ಮನೆಗೆ ಬಂದಳು.